ರೆಕ್ಕೆಯ ಅಂಚಿನ ಮೆಟ್ಟಿಲು

ಫೆಬ್ರವರಿ 9, ಸೋಮವಾರ

ತನಿಖೆಯವರು ಇಂದು ಹೊರಟುಹೋದರು. ಹೋಗುವ ಮುನ್ನ ಅವರಲ್ಲಿ ಹಿರಿಯರು ನನ್ನನ್ನು ವಿಮಾನ ನಿಲ್ಲಿಸುವ ಹ್ಯಾಂಗರಿನ ಮೂಲೆಗೆ ಕರೆದು, "ನಿಮ್ಮ ಕೆಲಸದಲ್ಲಿ ತಪ್ಪಿಲ್ಲಮ್ಮ. ವಿಮಾನದಲ್ಲಿ ಏನೂ ಮುರಿದಿರಲಿಲ್ಲ. ಎಲ್ಲಾ ನೆಟ್ಟಗಿತ್ತು," ಎಂದರು.

ಹನ್ನೆರಡು ದಿನದಿಂದ ಈ ಮಾತಿಗಾಗಿ ಕಾದಿದ್ದೆ. ನೀಲಿ ವಿಮಾನ ಬಿದ್ದ ದಿನ ಬೆಳಿಗ್ಗೆ ಅದನ್ನು ತಟ್ಟಿ, ಅಲುಗಾಡಿಸಿ, ಹಾರಬಹುದು ಎಂದು ಸಹಿ ಹಾಕಿದವಳು ನಾನು. ಅಂದಿನಿಂದ ಊಟದ ತಟ್ಟೆಯ ಮುಂದೆ ಕೂತರೂ ಕಣ್ಣೆದುರು ಬೋಲ್ಟುಗಳೇ. ಬಾಲದ ಕೀಲಿಗೆ ಪಿನ್ನು ಹಾಕಿದ್ದೆನೇ? ಹಾಕಿದ್ದೆ. ಅದನ್ನು ಬಗ್ಗಿಸಿದ್ದೆನೇ? ಬಗ್ಗಿಸಿದ್ದೆ. ನಿಜವಾಗಿಯೂ?

ಈಗ ತಪ್ಪಿಲ್ಲ ಅಂದರು. ಎದೆಯ ಮೇಲಿನ ಕಲ್ಲು ಇಳಿಯಬೇಕಿತ್ತು. ಇಳಿಯಲಿಲ್ಲ.

ಅವರ ಪ್ರಕಾರ ನಡೆದದ್ದು ಇಷ್ಟು: ಇಳಿಯಲು ರನ್‌ವೇ ಕಡೆಗೆ ತಿರುಗುವಾಗ ವೇಗ ಕಡಿಮೆಯಾಗಿತ್ತು, ಮೂತಿ ಮೇಲಿತ್ತು. ಒಂದು ರೆಕ್ಕೆ ಗಾಳಿಯ ಹಿಡಿತ ಬಿಟ್ಟು ಕುಸಿಯಿತು. ವಿಮಾನ ಬುಗುರಿಯಂತೆ ತಿರುಗಿತು. ಸರಿಮಾಡಿಕೊಳ್ಳುವಷ್ಟು ಎತ್ತರ ಇರಲಿಲ್ಲ. ಇಪ್ಪತ್ತು ವರ್ಷ ಹಾರಾಟ ಕಲಿಸಿದ ಕ್ಯಾಪ್ಟನ್ ತೀರಿಕೊಂಡರು. ಕಲಿಯುತ್ತಿದ್ದ ದಂತವೈದ್ಯರ ಎರಡೂ ಕಾಲು ಮುರಿದಿವೆ.

ಮುರಿದದ್ದನ್ನು ನಾನು ಸರಿಮಾಡಬಲ್ಲೆ, ಅದೇ ನನ್ನ ಕಸುಬು. ಏನೂ ಮುರಿಯದೆ ಬೀಳುವ ವಿಮಾನವನ್ನು ಏನು ಮಾಡಲಿ? ನಮ್ಮ ಹಾರಾಟದ ಶಾಲೆಯಲ್ಲಿ ಅಂಥದೇ ಇನ್ನೊಂದಿದೆ, ಹಳದಿಯದು. ಕ್ಯಾಪ್ಟನ್ ಹೋದ ಮೇಲೆ ಅದರಲ್ಲಿ ಹಾರಾಟ ಕಲಿಸಲು ಉಳಿದವಳು ನನ್ನ ತಂಗಿ ಒಬ್ಬಳೇ.

ಖಾಲಿ ಉಳಿದ ಒಂದು ತಪಾಸಣೆ ಪುಸ್ತಕದಲ್ಲಿ ಇದನ್ನು ಬರೆಯುತ್ತಿದ್ದೇನೆ. ಬಾಯಿಬಿಟ್ಟು ಹೇಳಿಕೊಳ್ಳುವ ಧೈರ್ಯ ನನಗಿಲ್ಲ.

ಫೆಬ್ರವರಿ 11, ಬುಧವಾರ

ನಾಳೆಯಿಂದ ಪಾಠ ಶುರುವಂತೆ. ತಂಗಿ ತಲೆ ಬಾಚಿಕೊಳ್ಳುತ್ತಾ ಹೇಳಿದಳು, ಸಂತೆಗೆ ಹೋಗಿಬರುತ್ತೇನೆ ಎನ್ನುವ ಹಾಗೆ.

"ಇನ್ನೊಂದು ತಿಂಗಳು ತಡೆಯೋಕಾಗಲ್ವಾ?" ಅಂದೆ.

"ತಿಂಗಳು ಬಿಟ್ರೆ ವಿಮಾನ ಬದಲಾಗುತ್ತಾ ಅಕ್ಕ?"

ನನಗಿಂತ ಹನ್ನೊಂದು ವರ್ಷಕ್ಕೆ ಚಿಕ್ಕವಳು. ನಾನೇ ಸೊಂಟದ ಮೇಲೆ ಹೊತ್ತು ಬೆಳೆಸಿದೆ. ಈಗ ನಮ್ಮ ಮನೆಯ ಮಹಡಿ ಕೋಣೆಯಲ್ಲೇ ಇದ್ದಾಳೆ. ಬಾಚಣಿಗೆ ಕಿತ್ತುಕೊಂಡು ಒಳಗೆ ಹೋದೆ.

ಫೆಬ್ರವರಿ 12, ಗುರುವಾರ

ಮೂರು ಬಾರಿ ಹಾರಿದಳು. ಮೂರು ಬಾರಿಯೂ ಹ್ಯಾಂಗರಿನ ಬಾಗಿಲಲ್ಲಿ ನಿಂತಿದ್ದೆ. ಕೈಯಲ್ಲಿ ಸ್ಪ್ಯಾನರ್ ಇತ್ತು, ಕೆಲಸ ಮಾಡುವವಳ ಹಾಗೆ ಕಾಣಲಿ ಅಂತ. ರನ್‌ವೇ ಕಡೆಗೆ ತಿರುಗುವ ಹೊತ್ತಿಗೆ ಉಸಿರು ಬಿಗಿಹಿಡಿಯುತ್ತೇನೆ. ಚಕ್ರ ನೆಲ ಮುಟ್ಟಿದ ಸದ್ದು ಕೇಳಿದ ಮೇಲೆ ಬಿಡುತ್ತೇನೆ. ಸಂಜೆ ಬೆನ್ನು ಹಿಡಿದುಕೊಂಡಿತ್ತು.

ಫೆಬ್ರವರಿ 15, ಭಾನುವಾರ

ಆಸ್ಪತ್ರೆಗೆ ಹೋಗಿದ್ದೆ. ದಂತವೈದ್ಯರು ನನ್ನನ್ನು ಕಂಡು ನಕ್ಕರು. "ಇಷ್ಟು ವರ್ಷ ಎಲ್ಲರಿಗೂ ಬಾಯಿ ತೆಗೀರಿ, ಹೆದರ್ಬೇಡಿ ಅಂತಿದ್ದೆ. ಹೆದರಿದಾಗ ಬಾಯಿ ತಾನಾಗೇ ತೆಗೆಯುತ್ತೆ ಅಂತ ಈಗ ಗೊತ್ತಾಯ್ತು."

ನಾನೇನೂ ಕೇಳಿರಲಿಲ್ಲ, ಅವರೇ ಹೇಳಿದರು. "ಕ್ಯಾಪ್ಟನ್ 'ನನಗೆ ಕೊಡಿ' ಅಂದ್ರು. ಹಾರಿಸೋ ಕೋಲು ಬಿಟ್ಟೆ. ಅಷ್ಟರಲ್ಲಿ ಕಿಟಕಿ ತುಂಬ ನೆಲ. ಆಕಾಶ ಎಲ್ಲಿ ಹೋಯ್ತು ಅಂತ ಹುಡುಕ್ತಿದ್ದೆ."

ಅವರು ಸೊಂಟದ ಪಟ್ಟಿಯ ಜೊತೆ ಹೆಗಲ ಪಟ್ಟಿಯನ್ನೂ ಹಾಕಿಕೊಂಡಿದ್ದರು. ಕ್ಯಾಪ್ಟನ್ ಹಾಕಿಕೊಂಡಿರಲಿಲ್ಲ. ಹಳೇ ವಿಮಾನ ನೋಡಿ, ಹೆಗಲ ಪಟ್ಟಿಯ ಕೊಕ್ಕೆ ಬೇರೆ. ಸಿಕ್ಕಿಸದಿದ್ದರೂ ನಡೆಯುತ್ತದೆ. ನಾಳೆ ಹಳದಿಯದರಲ್ಲಿ ಎರಡನ್ನೂ ಒಂದೇ ಬೀಗಕ್ಕೆ ಸೇರಿಸುವಂಥ ಪಟ್ಟಿ ತರಿಸಿ ಎಂದು ಆಫೀಸಿಗೆ ಬರೆದುಕೊಡಬೇಕು.

ಫೆಬ್ರವರಿ 20, ಶುಕ್ರವಾರ

ತಂಗಿ ಒಬ್ಬ ಮುದುಕರನ್ನು ಕರೆದುಕೊಂಡು ಬಂದಳು. ಕಾಲೇಜಿನಲ್ಲಿ ವಿಮಾನದ ರೆಕ್ಕೆಗಳ ಪಾಠ ಹೇಳಿ ನಿವೃತ್ತರಾದವರು. ಎಲ್ಲರೂ ಮೇಷ್ಟ್ರು ಎನ್ನುತ್ತಾರೆ. ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಇಟ್ಟುಕೊಂಡು ಹಳದಿಯ ರೆಕ್ಕೆಯನ್ನು ಅಂಗೈಯಲ್ಲಿ ಸವರಿ ನೋಡಿದರು.

"ಬಸ್ಸಲ್ಲಿ ಹೋಗ್ವಾಗ ಕಿಟಕಿಯಿಂದ ಕೈ ಹೊರಗೆ ಹಾಕಿದೀರೇನಮ್ಮ? ಅಂಗೈ ಸ್ವಲ್ಪ ಓರೆ ಮಾಡಿದ್ರೆ ಗಾಳಿ ಕೈ ಎತ್ತುತ್ತೆ. ಜಾಸ್ತಿ ಓರೆ ಮಾಡಿದ್ರೆ ಎತ್ತೋದು ಬಿಟ್ಟು ಬರೀ ಹಿಂದಕ್ಕೆ ತಳ್ಳುತ್ತೆ. ರೆಕ್ಕೆಯೂ ಅಷ್ಟೇ. ಒಂದು ಹಂತ ದಾಟಿದ್ರೆ ಎಲ್ಲಾ ರೆಕ್ಕೆಯೂ ಗಾಳಿ ಬಿಡುತ್ತೆ. ಯಾವ ಭಾಗ ಮೊದಲು ಬಿಡುತ್ತೆ ಅನ್ನೋದು ಮುಖ್ಯ."

ದೇಹಕ್ಕೆ ಹತ್ತಿರದ ಭಾಗ ಮೊದಲು ಬಿಟ್ಟರೆ ವಿಮಾನ ತಲೆ ತೂಗಿ ಮುಂದಕ್ಕೆ ಬಾಗುತ್ತದಂತೆ. ತುದಿ ಮೊದಲು ಬಿಟ್ಟರೆ ಪಕ್ಕಕ್ಕೆ ಬಿದ್ದು ಸುತ್ತುತ್ತದೆ. ತುದಿಯನ್ನು ಕೊನೆತನಕ ಹಿಡಿಸಿಡಲು ಒಂದು ಉಪಾಯವಿದೆ: ರೆಕ್ಕೆಯ ಹೊರಗಿನ ಅರ್ಧಕ್ಕೆ ಮಾತ್ರ, ಮುಂದಿನ ಅಂಚಿಗೆ, ಕೆಳಮುಖವಾಗಿ ಸ್ವಲ್ಪ ಬಾಗಿದ ಒಂದು ಮೂಗು ತೊಡಿಸುವುದು.

"ಎಂಜಿನ್ ಮುಟ್ಟೋದಿಲ್ಲ, ವೈರ್ ಇಲ್ಲ, ಅಲುಗಾಡೋ ಭಾಗ ಒಂದೂ ಇಲ್ಲ. ತಗಡು, ಅಷ್ಟೇ. ನೀವು ಮಾಡ್ತೀರಿ," ಅಂದರು. ಪರೀಕ್ಷೆಗೆ ಹಾರಿಸುವವರು ಯಾರು ಎಂದು ಕೇಳಿದೆ. ಮೇಷ್ಟ್ರು ನೆಲ ನೋಡಿದರು. ತಂಗಿ ನನ್ನನ್ನು ನೋಡಿದಳು.

ಮಾರ್ಚ್ 7, ಶನಿವಾರ

ಇಡೀ ವಾರ ಮರದ ಅಚ್ಚಿನ ಮೇಲೆ ತಗಡು ಬಡಿದೆ. ಬೇಡ ಎಂದು ತಂಗಿಗೆ ಹೇಳಿದ್ದೆ, ಅತ್ತಿದ್ದೆ, ಎರಡು ದಿನ ಮಾತು ಬಿಟ್ಟಿದ್ದೆ. ಅವಳು ಕೇಳಲಿಲ್ಲ. ಹಾರುವುದೇ ಆದರೆ ನನ್ನ ಕೈಯ ಕೆಲಸದ ಮೇಲೇ ಹಾರಲಿ ಅಂತ ಬಡಿದೆ. ರೇಷ್ಮೆಯಂತೆ ಬಂದಿದೆ. ಉಗುರು ಎಳೆದರೂ ಎಲ್ಲೂ ಸಿಗುವುದಿಲ್ಲ.

ಒಂದೇ ಕಡೆ ಕೆಟ್ಟದಾಗಿ ಕಾಣುತ್ತಿತ್ತು. ಮೂಗು ಶುರುವಾಗುವ ಜಾಗ, ರೆಕ್ಕೆಯ ನಡುಮಧ್ಯ. ಮೇಷ್ಟ್ರ ನಕ್ಷೆಯಲ್ಲಿ ಅಲ್ಲಿ ಎರಡು ಬೆರಳೆತ್ತರದ ಮೆಟ್ಟಿಲು, ಚಾಕುವಿನಲ್ಲಿ ಕತ್ತರಿಸಿದ ಹಾಗೆ. ಮುರುಕು ಹಲ್ಲು ಅದು. ಗಾಳಿಗೆ ಎದುರಾಗಿ ಅಂಥ ಚೂಪು ಅಂಚು ಬಿಡಲು ನನಗೆ ಕಲಿಸಿದವರು ಯಾರೂ ಒಪ್ಪುವುದಿಲ್ಲ. ಗೇಣುದ್ದದ ಒಂದು ತುಂಡು ಮಾಡಿ ಆ ಮೆಟ್ಟಿಲನ್ನು ಇಳಿಜಾರಾಗಿಸಿದೆ. ಈಗ ಕಣ್ಣಿಗೆ ಹಿತವಾಗಿದೆ. ಮೇಷ್ಟ್ರು ಕಣ್ಣಿನ ಆಪರೇಷನ್ನಿಗೆ ಹೋಗಿದ್ದಾರೆ. ಬಂದ ಮೇಲೆ ತೋರಿಸಿದರಾಯಿತು.

ಮಾರ್ಚ್ 13, ಶುಕ್ರವಾರ

ಪರೀಕ್ಷೆಗೆ ಅನುಮತಿ ಬಂತು. ವಿಮಾನಯಾನ ಇಲಾಖೆಯಿಂದ ಬಂದ ಅಧಿಕಾರಿ ತಗಡು ಜೋಡಿಸಿದ ರಿವೆಟ್ಟುಗಳನ್ನು ಒಂದೊಂದಾಗಿ ನೋಡಿ, ಇಷ್ಟು ಅಂದದ ಕೆಲಸ ಕಂಪನಿಯಲ್ಲೂ ಆಗುವುದಿಲ್ಲ ಎಂದರು. ಖುಷಿಯಾಯಿತು. ನನ್ನವರು ದರ್ಜಿ. ಮನೆಗೆ ಬಂದು ಹೇಳಿದರೆ, "ತಗಡಿಗೂ ಇಸ್ತ್ರಿ ಹಾಕಿದೀಯಲ್ಲ, ನನ್ನ ಅಂಗಡಿಗೆ ಬಾ," ಎಂದರು.

ಮಂಗಳವಾರ ಹಾರಾಟ.

ಮಾರ್ಚ್ 17, ಮಂಗಳವಾರ

ಏಳು ಸಾವಿರ ಅಡಿಗೆ ಏರಿದಳು, ಒಬ್ಬಳೇ, ಬೆನ್ನಿಗೆ ಪ್ಯಾರಾಚೂಟ್ ಕಟ್ಟಿಕೊಂಡು. ಹ್ಯಾಂಗರಿನ ರೇಡಿಯೋ ಮುಂದೆ ನಾನು, ಆಫೀಸಿನವರು ಇಬ್ಬರು.

"ವೇಗ ಇಳಿಸ್ತಿದೀನಿ," ಅಂದಳು. "ಮೂತಿ ಮೇಲಿದೆ. ಕೋಲು ಪೂರ್ತಿ ಹಿಂದಕ್ಕೆ." ಆಮೇಲೆ ಬೇರೆಯದೇ ದನಿಯಲ್ಲಿ, "ಎಡಗಡೆ ಬಿತ್ತು. ಸುತ್ತು ಒಂದು. ತಡೆಯೋಕೆ ಬಲ ಪೆಡಲ್ ಹಾಕಿದೀನಿ. ಎರಡು. ನಿಲ್ತಿಲ್ಲ. ಮೂರು."

ನಾಲ್ಕು ಎನ್ನಲಿಲ್ಲ. ರೇಡಿಯೋದಲ್ಲಿ ಬರೀ ಗರಗರ ಸದ್ದು. ನಾನು ಮೇಜಿನ ಅಂಚು ಹಿಡಿದಿದ್ದೆ. ಯಾರೋ ನನ್ನ ಹೆಸರು ಕರೆದರು. ಹೊರಗೆ ಓಡಿದೆ. ಆಕಾಶದಲ್ಲಿ ಎಲ್ಲೂ ಹಳದಿ ಕಾಣಲಿಲ್ಲ. ತಪ್ಪು ದಿಕ್ಕಿಗೆ ನೋಡುತ್ತಿದ್ದೆನಂತೆ. ಹಿಂದಿನಿಂದ ರೇಡಿಯೋ, "ನಿಂತಿತು. ಎತ್ತರ ಮೂರು ಸಾವಿರದ ನೂರು. ವಾಪಸ್ ಬರ್ತಿದೀನಿ," ಎಂದಿತು.

ಇಳಿದು ಬಂದವಳ ತುಟಿಯಲ್ಲಿ ಬಣ್ಣವಿರಲಿಲ್ಲ. "ನನ್ನ ಕೈ ತಲೆ ಮೇಲಿನ ಗಾಜಿನ ಚಿಲಕದ ಹತ್ರ ಇತ್ತು ಅಕ್ಕ. ಹೊರಗೆ ಹಾರಿಬಿಡೋಣ ಅಂತ. ಇನ್ನೊಂದು ಸುತ್ತು ನೋಡೋಣ ಅಂದ್ಕೊಂಡೆ."

ನೀರು ಕೊಟ್ಟೆ.

ಮಾರ್ಚ್ 18, ಬುಧವಾರ

ಏನೂ ಬರೆಯಲಾರೆ.

ಮಾರ್ಚ್ 19, ಗುರುವಾರ

ಮೇಷ್ಟ್ರು ಫೋನ್ ಮಾಡಿದ್ದರು. "ಲೆಕ್ಕ ತಪ್ಪಿದೆಯಮ್ಮ. ಎಲ್ಲಿ ಅಂತ ತಿಳೀತಿಲ್ಲ. ನಾನೇ ಆ ಹುಡುಗಿನ ಕೊಲ್ತಿದ್ದೆ. ಇದನ್ನ ಇಲ್ಲಿಗೇ ಬಿಡೋಣ ಅಂತ ಆಫೀಸಿಗೆ ಪತ್ರ ಬರೀತೀನಿ."

ನಾನು "ಹೂಂ" ಅಂದೆ.

ಅವರ ಲೆಕ್ಕ ತಪ್ಪಿಲ್ಲ ಎಂದು ನನಗೆ ಅನ್ನಿಸುತ್ತಿದೆ. ನಕ್ಷೆಯಂತೆ ಇಲ್ಲದಿರುವುದು ಒಂದೇ, ನಾನು ನುಣುಪು ಮಾಡಿದ ಆ ಗೇಣುದ್ದ. ಅದರ ಬಗ್ಗೆ ಯಾರಿಗೂ ಹೇಳಿಲ್ಲ. ಅಧಿಕಾರಿ ಮೆಚ್ಚಿದ್ದೂ ಅದನ್ನೇ ಇರಬೇಕು.

ಹೇಳದಿದ್ದರೆ ಏನಾಗುತ್ತದೆ? ಪರೀಕ್ಷೆ ನಿಲ್ಲುತ್ತದೆ. ತಂಗಿ ಇನ್ನು ಏಳು ಸಾವಿರ ಅಡಿಯಿಂದ ಬೀಳಬೇಕಾಗಿಲ್ಲ. ನನಗೆ ಬೇಕಾಗಿದ್ದುದು ಅದೇ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಅವಳು ಉಳಿಯುತ್ತಾಳೆ.

ಹೀಗೆ ಬರೆದು ಮತ್ತೆ ಓದಿದೆ. ಅವಳು ಉಳಿಯುವುದಿಲ್ಲ. ಹಳದಿ ಮೊದಲಿನ ಹಾಗೇ ಆಗುತ್ತದೆ. ಅವಳು ಮೊದಲಿನ ಹಾಗೇ ದಿನಕ್ಕೆ ಮೂರು ಸಲ ರನ್‌ವೇ ಕಡೆಗೆ ತಿರುಗುತ್ತಾಳೆ, ಪಕ್ಕದಲ್ಲಿ ಏನೂ ಗೊತ್ತಿಲ್ಲದ ಒಬ್ಬರನ್ನು ಕೂರಿಸಿಕೊಂಡು, ಐನೂರು ಅಡಿಯಲ್ಲಿ.

ಮಾರ್ಚ್ 21, ಶನಿವಾರ

ಬೆಳಿಗ್ಗೆ ಮೇಷ್ಟ್ರ ಮನೆಗೆ ಹೋದೆ. ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು. ನಿಂತುಕೊಂಡೇ ಎಲ್ಲಾ ಹೇಳಿಬಿಟ್ಟೆ. ಕೂತರೆ ಹೇಳಲಾಗುವುದಿಲ್ಲ ಎನ್ನಿಸಿತ್ತು.

ಬೈಯಲಿ ಎಂದು ಕಾಯುತ್ತಿದ್ದೆ.

"ಎಷ್ಟುದ್ದ ಇಳಿಜಾರು ಮಾಡಿದ್ರಿ?"

"ಒಂದು ಗೇಣು."

"ನಾನು ಮೆಟ್ಟಿಲು ಬೇಕು ಅಂದೆ. ಯಾಕೆ ಬೇಕು ಅಂತ ಹೇಳಲೇ ಇಲ್ಲ, ಅಲ್ವಾ?" ಎಂದು ತಮ್ಮ ತೊಡೆ ತಟ್ಟಿಕೊಂಡರು. "ಮೂವತ್ತು ವರ್ಷ ಪಾಠ ಹೇಳಿದೋನು. ಕೆಲಸ ಮಾಡೋರಿಗೆ ಕಾರಣ ಹೇಳದೆ ನಕ್ಷೆ ಕೊಟ್ಟೆ."

ಆ ಚೂಪು ಅಂಚೇ ಈ ಉಪಾಯದ ಜೀವವಂತೆ. ಗಾಳಿ ಅಲ್ಲಿ ತಾಗಿ ಸುರುಳಿಯಾಗಿ ರೆಕ್ಕೆಯ ಮೇಲೆ ಹಿಂದಕ್ಕೆ ಹರಿಯುತ್ತದೆ. ಆ ಸುರುಳಿಯೇ ಬೇಲಿ. ಒಳಗಿನ ಭಾಗ ಹಿಡಿತ ಬಿಟ್ಟರೂ ಆ ಕೇಡು ಬೇಲಿ ದಾಟಿ ತುದಿಗೆ ಹರಡುವುದಿಲ್ಲ. ನಾನು ಬೇಲಿ ಕಿತ್ತು ಹೂದೋಟ ಮಾಡಿದ್ದೆ.

"ತಂಗಿಗೆ ಹೇಳಿದ್ರಾ?"

"ಇಲ್ಲ."

"ಮೊದಲು ಅದನ್ನ ಮಾಡಿ."

ಮನೆಗೆ ಬಂದು ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದಳು, ಮಡಚುತ್ತಲೇ ಇದ್ದಳು.

"ಮಂಗಳವಾರದಿಂದ ಇವತ್ತಿನವರೆಗೆ ಸುಮ್ನಿದ್ದೆಯಾ?"

"ನೀನು ಮತ್ತೆ ಹೋಗ್ತೀಯ ಅಂತ ಭಯ ಆಯ್ತು."

"ನನಗೂ ಭಯ ಆಗಿತ್ತು ಅಕ್ಕ. ಅಲ್ಲಿ ಮೇಲೆ. ನಾನು ನೋಡಿದ್ದನ್ನೆಲ್ಲ ಇಳಿದ ತಕ್ಷಣ ಹೇಳಿದೆ, ಬರೆದುಕೊಟ್ಟೆ. ನೀನೂ ಹೇಳ್ತೀಯ ಅಂತ ನಂಬಿ ತಾನೇ ಹತ್ತೋದು?" ಕೊನೆಯ ಬಟ್ಟೆ ಇಟ್ಟಳು. "ಆ ತುಂಡು ಕಿತ್ತು ಹಾಕು. ಆಮೇಲೆ ಮಾತಾಡೋಣ."

ಮಾರ್ಚ್ 24, ಮಂಗಳವಾರ

ಕಿತ್ತೆ. ರಿವೆಟ್ಟಿನ ತಲೆ ಕೊರೆಯುವಾಗ ಕೈ ತಡೆಯುತ್ತಿತ್ತು. ಈಗ ರೆಕ್ಕೆಯ ನಡುವೆ ಮುರುಕು ಹಲ್ಲು ನಿಂತಿದೆ. ಅಧಿಕಾರಿಗೂ ತಪ್ಪೊಪ್ಪಿಗೆ ಬರೆದುಕೊಟ್ಟೆ. ಅವರು ಮತ್ತೆ ಬಂದು, ಈ ಸಲ ಅಳತೆಪಟ್ಟಿ ಹಿಡಿದು ನಕ್ಷೆಗೆ ತಾಳೆ ನೋಡಿ ಹೋದರು. ಅಂದದ ಮಾತು ಎತ್ತಲಿಲ್ಲ.

ಗಾಳಿ ಹೇಗೆ ಹರಿಯುತ್ತದೆಂದು ಕಣ್ಣಿಗೆ ಕಾಣಲು ರೆಕ್ಕೆಯ ಮೇಲೆಲ್ಲ ಉಣ್ಣೆಯ ಎಳೆ ಅಂಟಿಸಬೇಕಂತೆ. ನನ್ನವರು ಅಂಗಡಿಯಿಂದ ಕೆಂಪು ಉಣ್ಣೆಯ ಉಂಡೆ ತಂದು, ಬೆರಳುದ್ದ ಬೆರಳುದ್ದ ಕತ್ತರಿಸಿಕೊಟ್ಟರು. "ವಿಮಾನಕ್ಕೆ ಸ್ವೆಟರ್ ಹಾಕಿದ ಮೊದಲ ದರ್ಜಿ ನಾನೇ ಇರಬೇಕು," ಅಂದರು. ತಂಗಿ ಒಂದು ವಾರದಲ್ಲಿ ಮೊದಲ ಸಲ ನಕ್ಕಳು. ನನ್ನ ಕಡೆ ನೋಡಿ ಅಲ್ಲ.

ಏಪ್ರಿಲ್ 2, ಗುರುವಾರ

ಏಳು ಸಾವಿರ ಅಡಿ. ಅದೇ ರೇಡಿಯೋ, ಅದೇ ಮೇಜು. ಈ ಸಲ ಮೇಷ್ಟ್ರೂ ಇದ್ದರು. ಎರಡು ಸಲ ಹೊರಗೆ ಹೋಗಿಬಂದೆ.

"ಕೋಲು ಹಿಂದಕ್ಕೆ," ಅಂದಳು. ನಾನು ಕಣ್ಣು ಮುಚ್ಚಿದೆ.

"ಮೂತಿ ತೂಗ್ತಿದೆ. ಮೇಲೆ, ಕೆಳಗೆ. ರೆಕ್ಕೆ ಸಮ ಇದೆ." ಒಂದು ಕ್ಷಣ ಬಿಟ್ಟು, "ಎಡ ಪೆಡಲ್ ಪೂರ್ತಿ ಒತ್ತಿದೀನಿ. ತಿರುಗ್ತಿದೆ, ಸುತ್ತುತ್ತಿಲ್ಲ." ಆಮೇಲೆ ರೇಡಿಯೋ ನಿಯಮ ಮರೆತು, "ಅಕ್ಕ, ಕೋಲು ಹೊಟ್ಟೆಗೆ ತಾಗಿದೆ. ಇದು ಬೀಳ್ತಿಲ್ಲ. ಸುಮ್ನೆ ಕೆಳಗಿಳೀತಿದೆ," ಅಂದಳು.

ಮೇಷ್ಟ್ರು ಕಪ್ಪು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಡಾಕ್ಟರು ಕಣ್ಣು ಮುಟ್ಟಬೇಡಿ ಅಂದಿದ್ದಾರಂತೆ.

ಹನ್ನೊಂದು ಸಲ ಮಾಡಿದಳು. ಇನ್ನೂ ಮುಗಿದಿಲ್ಲ. ಎರಡನೇ ಸೀಟಿನಲ್ಲಿ ತೂಕವಿದ್ದಾಗಲೂ ನೋಡಬೇಕಂತೆ. ಮೊದಲು ಮರಳಿನ ಚೀಲವಿಟ್ಟು. ಅದು ಸರಿಹೋದರೆ ಒಬ್ಬರು ಕೂತು, ಯಾವ ಎಳೆ ಯಾವಾಗ ಎದ್ದಿತು ಎಂದು ಬರೆದುಕೊಳ್ಳಬೇಕು.

ಏಪ್ರಿಲ್ 10, ಶುಕ್ರವಾರ

ಮರಳಿನ ಚೀಲದ ಹಾರಾಟಗಳು ಮೊನ್ನೆ ಮುಗಿದವು. ಇಂದು ಹತ್ತಿದವಳು ನಾನು. ಎಳೆಗಳನ್ನು ಅಂಟಿಸಿ ಸಾಲಿಗೆ ನಂಬರು ಕೊಟ್ಟವಳು ನಾನೇ ಆದ್ದರಿಂದ ಬೇರೆಯವರಿಗೆ ಕಲಿಸುವುದಕ್ಕಿಂತ ಇದೇ ಸುಲಭ ಎಂದೆ. ತಂಗಿ ನನ್ನ ಮುಖ ನೋಡಿ, "ವಾಂತಿ ಬಂದ್ರೆ ಚೀಲ ಅಲ್ಲಿದೆ," ಅಂದಳು.

ಇಪ್ಪತ್ತೆರಡು ವರ್ಷ ವಿಮಾನ ರಿಪೇರಿ ಮಾಡಿದ್ದೇನೆ, ಒಂದು ದಿನವೂ ಹಾರಿದ್ದಿಲ್ಲ. ಹೊಸ ಪಟ್ಟಿಯನ್ನು ಅವಳೇ ಹಾಕಿ ಎಳೆದಳು. ಹೆಗಲು, ಸೊಂಟ, ಒಂದೇ ಬೀಗ. ನೆಲ ಬಿಟ್ಟಾಗ ಹೊಟ್ಟೆ ಹಿಂದೆಯೇ ಉಳಿಯಿತು. ಕೆಳಗೆ ನೋಡಬಾರದು ಎಂದುಕೊಂಡಿದ್ದೆ. ಆದರೆ ಇದರ ರೆಕ್ಕೆ ನಮ್ಮ ಸೀಟಿಗಿಂತ ಕೆಳಗಿದೆ. ಎಳೆ ನೋಡಬೇಕಾದರೆ ಕೆಳಗೇ ನೋಡಬೇಕು.

"ಶುರು ಮಾಡ್ಲಾ?"

ತಲೆಯಾಡಿಸಿದೆ.

ಎಂಜಿನ್ ಸದ್ದು ಇಳಿಯಿತು. ಮೂತಿ ಎದ್ದಿತು. ಮುಂದೆ ಬರೀ ಆಕಾಶ. ಗಾಳಿಯ ಸದ್ದು ಕಮ್ಮಿಯಾಗುತ್ತಾ ಆಗುತ್ತಾ ಎಲ್ಲಾ ನಿಶ್ಶಬ್ದವಾಯಿತು. ಅಷ್ಟು ಭಯ ಹುಟ್ಟಿಸುವ ನಿಶ್ಶಬ್ದವನ್ನು ನಾನು ಕೇಳಿಲ್ಲ. ಆಮೇಲೆ ರೆಕ್ಕೆಯಲ್ಲಿರುವ ಎಚ್ಚರಿಕೆಯ ಪೀಪಿ ನರಳಲು ಶುರುವಾಯಿತು. ರೆಕ್ಕೆಯ ಅಂಚಿನಲ್ಲಿ ಒಂದು ತೂತು, ಅದರ ಹಿಂದೆ ಒಂದು ಪೀಪಿ, ಅಷ್ಟೇ ಅದು. ಗಾಳಿ ಬಿಡುವ ಹೊತ್ತು ಹತ್ತಿರ ಬಂದರೆ ತಾನಾಗಿ ಊದುತ್ತದೆ. ವಾರಕ್ಕೊಮ್ಮೆ ಅದರೊಳಗಿನ ಧೂಳು ತೆಗೆಯುತ್ತಿದ್ದವಳು ನಾನೇ. ಯಾರಿಗಾಗಿ ಊದುತ್ತದೆ ಎಂದು ಯೋಚಿಸಿರಲಿಲ್ಲ.

"ಬರೀ ಅಕ್ಕ."

ನೋಡಿದೆ. ಒಳಗಿನ ಸಾಲಿನ ಎಳೆಗಳು ಹುಚ್ಚೆದ್ದು ಹಿಂದುಮುಂದಾಗಿ ಒದ್ದಾಡುತ್ತಿದ್ದವು. ಒಂದು, ಎರಡು, ಮೂರು, ನಾಲ್ಕನೇ ಸಾಲು. ಮೆಟ್ಟಿಲಿನ ತನಕ. ಅದರಾಚೆಗೆ ಐದರಿಂದ ಒಂಬತ್ತು, ಎಣ್ಣೆ ಹಾಕಿ ಬಾಚಿದ ಕೂದಲಿನ ಹಾಗೆ ಮಲಗಿದ್ದವು. ವಿಮಾನ ತಲೆ ತೂಗುತ್ತಿತ್ತು. ನನ್ನ ಗಂಟಲಿನಿಂದ ಏನೋ ಸದ್ದು ಬರುತ್ತಿತ್ತು. ಆದರೂ ಬರೆದೆ. ಪೆನ್ಸಿಲಿನ ಮೊನೆ ಮುರಿಯಿತು. ಕೊನೆಯ ಎರಡು ಸಾಲನ್ನು ಉಗುರಿನಲ್ಲಿ ಗೀರಿದೆ.

ಇಳಿದ ಮೇಲೆ ತಂಗಿ ತೋಳು ಹಿಡಿದುಕೊಂಡು, "ಇನ್ನೂ ಐದು ಸಲ ಇದೆ. ಬೇರೆಯವರನ್ನ ನೋಡ್ಲಾ?" ಎಂದಳು.

"ಪೆನ್ಸಿಲ್ ಎರಡು ತರ್ತೀನಿ," ಅಂದೆ.

ಏಪ್ರಿಲ್ 22, ಬುಧವಾರ

ಪರೀಕ್ಷೆ ಮುಗಿದು ಹಳದಿಗೆ ಪಾಠದ ಅನುಮತಿ ಬಂದ ಮೇಲೆ ಕೆಲಸ ಜಾಸ್ತಿ. ನಾಲ್ಕು ಸೀಟಿನ ಇನ್ನೊಂದು ವಿಮಾನದ ಬ್ರೇಕ್ ಬಿಚ್ಚಿದ್ದೆ. ತಂಗಿ ಬೆಳಿಗ್ಗೆಯಿಂದ ಎಷ್ಟು ಸಲ ಹಾರಿದಳೋ ಲೆಕ್ಕವಿಲ್ಲ, ಊಟಕ್ಕೆ ಕರೆಯಲು ಬಂದಾಗಲೇ ಇಳಿದಿದ್ದಾಳೆಂದು ತಿಳಿದದ್ದು. ಬೇರೆ ಊರಿನ ಶಾಲೆಯೊಂದು ತಮ್ಮ ಇಂಥದೇ ವಿಮಾನಕ್ಕೂ ಮೂಗು ಮಾಡಿಕೊಡಿ ಎಂದು ಬರೆದಿದೆ. ಅದಕ್ಕೂ ಅನುಮತಿ ಆಗಬೇಕು. ನಕ್ಷೆಯ ಪಕ್ಕದಲ್ಲಿ, ಮೆಟ್ಟಿಲಿನ ಜಾಗದಲ್ಲಿ, ಅದು ಯಾಕೆ ಬೇಕು ಎಂದು ನಾಲ್ಕು ಸಾಲು ಬರೆದೆ. ಮೇಷ್ಟ್ರು ಎರಡು ಕಾಗುಣಿತ ತಿದ್ದಿದರು.

ಏಪ್ರಿಲ್ 29, ಬುಧವಾರ

ಮಧ್ಯಾಹ್ನ ಕ್ಯಾಪ್ಟನ್ನರ ಹೆಂಡತಿ ಬಂದಿದ್ದರು. ಇಲ್ಲಿ ಗಂಡನ ಕಪಾಟಿನಲ್ಲಿ ಉಳಿದಿದ್ದ ಬೂಟು, ಕೊಡೆ, ಫ್ಲಾಸ್ಕು ತೆಗೆದುಕೊಂಡು ಹೋಗಲು. ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು, ಹೊರಡದೆ ನಿಂತರು.

"ಏನೋ ಮಾಡಿದೀರಂತಲ್ಲ. ನೋಡಬಹುದಾ?"

ಹಳದಿಯ ಹತ್ತಿರ ಕರೆದುಕೊಂಡು ಹೋದೆ. ಅವರು ರೆಕ್ಕೆಯ ಅಂಚನ್ನು ಸವರುತ್ತಾ ಬಂದು ಮೆಟ್ಟಿಲಿನ ಹತ್ತಿರ ನಿಂತರು. ಎರಡು ಬೆರಳಿಟ್ಟು ಎತ್ತರ ನೋಡಿದರು.

"ಇಷ್ಟೇನಾ?"

"ಇಷ್ಟೇ."

"ಇದು ಅವತ್ತು ಇದ್ದಿದ್ರೆ?"

ಸುಳ್ಳು ಹೇಳಬಹುದಿತ್ತು. ಯಾರಿಗೆ ಗೊತ್ತಮ್ಮ, ಹಣೆಬರಹ ಎಂದು ಹೇಳಿ ಮುಗಿಸಬಹುದಿತ್ತು. ನಾಲಿಗೆಯ ತುದಿಗೂ ಬಂತು.

"ಬಹುಶಃ ಉಳೀತಿದ್ರು," ಅಂದೆ. "ಖಂಡಿತ ಅಂತ ಹೇಳೋಕಾಗಲ್ಲ. ಬಹುಶಃ."

ಅವರು ನೆಲದ ಮೇಲೆ, ಚಕ್ರದ ಪಕ್ಕದಲ್ಲಿ ಕೂತುಬಿಟ್ಟರು. ನಾನೂ ಕೂತೆ. ಏನು ಮಾಡಬೇಕೋ ತಿಳಿಯದೆ ಅವರ ಚೀಲ ಹಿಡಿದುಕೊಂಡಿದ್ದೆ. ಅಳುವುದು ನಿಂತ ಮೇಲೆ, ಬೆಂಚಿನ ಮೇಲಿದ್ದ ಅಚ್ಚನ್ನೂ ತಗಡನ್ನೂ ತೋರಿಸಿ, ಅದು ಯಾರಿಗೆ ಎಂದು ಕೇಳಿದರು. ಆ ಇನ್ನೊಂದು ಶಾಲೆಯದು ಎಂದೆ.

"ಒಬ್ಬರೇ ಮಾಡ್ತೀರಾ?"

"ಗುರುತು ಹಾಕ್ವಾಗ ತಗಡು ಜಾರುತ್ತೆ. ಇನ್ನೊಂದು ತುದಿ ಯಾರಾದ್ರೂ ಹಿಡಿದ್ರೆ ಒಳ್ಳೇದು."

ಅವರು ಎದ್ದು, ಕೈ ಒರೆಸಿಕೊಂಡು, ತಗಡಿನ ಆ ತುದಿ ಹಿಡಿದರು. ಬಲ ರೆಕ್ಕೆಯದು ಮುಗಿಯುವವರೆಗೂ ಹಿಡಿದಿದ್ದರು.

ನಾಳೆ ಎಡಗಡೆಯದಕ್ಕೆ ಗುರುತು ಹಾಕಬೇಕು. ಹತ್ತು ಗಂಟೆಗೆ ಬರುತ್ತೇನೆ ಎಂದಿದ್ದಾರೆ.